ಪುಣ್ಯಕೋಟಿ ಮರಳಿದ್ದೇಕೆ?

ನಮ್ಮ ಮಾರೇನಹಳ್ಳಿ ಈಗ ಹೆಸರಿನಲ್ಲಷ್ಟೇ ಹಳ್ಳಿ. ವಿಜಯನಗರಕ್ಕೆ ಅಂಟಿಕೊಂಡಿರುವ ಮಾರೇನಹಳ್ಳಿಯ ಮಾತು ನಾನು ಹೇಳುತ್ತಿರುವುದು, ಜೆ.ಪಿ. ನಗರದ ಕಡೆ ಇದೇ ಹೆಸರಿನ ಇನ್ನೊಂದು ಊರಿದೆ, ಅದರ ದೆಸೆಯಿಂದ ಆಟೋದವರೊಡನೆ ನಾನು ಮಾಡಿರುವ ವಾಗ್ವಾದಗಳಿಗೆ ಲೆಕ್ಕವಿಲ್ಲ. ಹುಲ್ಲುಗಾವಲು ಹೋಗಿ ಎಷ್ಟೋ ಕಾಲವಾಯಿತು. ಆದರೂ ಒಂದೆರಡು ಮನೆಯವರು ಇನ್ನೂ ಹಸು ಕಟ್ಟಿಕೊಂಡಿದ್ದಾರೆ. ಮಧ್ಯಾಹ್ನದ ಹೊತ್ತು ಆ ಹಸುಗಳು ರಸ್ತೆಯ ನಡುವೆ ಮಲಗಿ ಮೆಲುಕು ಹಾಕುತ್ತಿದ್ದರೆ ವಾಹನಗಳು ಬಳಸಿಕೊಂಡು ಹೋಗುತ್ತವೆ. ಸಂಜೆಯಾದರೆ ಯಾರೂ ಹೊಡೆಯದೆ ತಾವಾಗಿಯೇ ಎದ್ದು ಮನೆಗೆ ನಡೆಯುತ್ತವೆ.

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಬೀದಿಯ ತುದಿಯಲ್ಲಿ ಶಾಮಿಯಾನ ಹಾಕಿ ಮಕ್ಕಳಿಂದ 'ಗೋವಿನ ಹಾಡ'ನ್ನು ಆಡಿಸಿದರು. ಆಡಿಸಿದವರು ಹಾಡಿನ ಕೊನೆಯನ್ನು ಬದಲಿಸಿದ್ದರು. ಪುಣ್ಯಕೋಟಿ ಗವಿಯ ಬಾಗಿಲಿಗೆ ಮರಳಿ ಬಂದು ತನ್ನನ್ನು ಉಣ್ಣೆಂದು ಹೇಳಿದ ಮೇಲೆ ಹುಲಿ ಕಣ್ಣೀರು ಒರಸಿಕೊಂಡು ಹಸುವಿನ ಕೊರಳು ತಬ್ಬಿತು. ಇಬ್ಬರೂ ಕೈ ಹಿಡಿದು ಮುಂದೆ ಬಂದು ನಮಸ್ಕರಿಸಿದರು. ಹುಲಿ ಸಾಯಲಿಲ್ಲ. ಜನ ಚೆನ್ನಾಗಿಯೇ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ಹುಡುಗ, ಇಂಜಿನಿಯರಿಂಗ್ ಓದುತ್ತಿರುವವನು, ನನ್ನ ಕಡೆ ಬಾಗಿ, "ಸಾರ್, ಹುಲಿ ವಿಷಯ ಹಾಗಿರಲಿ. ಈ ಹಸು ವಾಪಸ್ಸು ಹೋಗಿದ್ದು ದಡ್ಡತನ ಅಲ್ವಾ? ಮನೆ ಸೇರಿದ ಮೇಲೆ ಹೋಗೋಕೆ ಕಾರಣವೇ ಇಲ್ವಲ್ಲ" ಎಂದ.

ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇಂಥ ಮಾತು ಕೇಳಿದೊಡನೆ ಸಿಟ್ಟು ಬರುವುದು ಸಹಜ. ಆದರೆ ಮನೆಗೆ ಬಂದು ಯೋಚಿಸಿದಾಗ ಹುಡುಗನ ಪ್ರಶ್ನೆಯಲ್ಲಿ ಉದ್ಧಟತನವೇನೂ ಇಲ್ಲವೆಂದೂ, ಅದನ್ನು ನಾವು, ಅಂದರೆ ಮೇಷ್ಟರುಗಳು, ತರಗತಿಯಲ್ಲಿ ಒಮ್ಮೆಯೂ ಕೇಳದೆ ಬಂದಿದ್ದೇವೆಂದೂ ತೋರಿತು. 'ಸತ್ಯಸಂಧತೆಗೆ ಜಯ' ಎಂದು ಸಾರಾಂಶ ಬರೆಸಿ, ಪರೀಕ್ಷೆಯಲ್ಲಿ ಅದನ್ನೇ ಬರೆದವರಿಗೆ ಅಂಕ ಕೊಟ್ಟು ಮುಗಿಸಿಬಿಟ್ಟಿದ್ದೇವೆ. ಆ ಸಾರಾಂಶ ಹಾಡಿಗೆ ನ್ಯಾಯ ಮಾಡುತ್ತದೆಯೇ? ಹಸು ಬದುಕಿ ಉಳಿದದ್ದರಿಂದ ಅದು ಮರಳಿದ್ದು ಸರಿಯಾಯಿತು ಎಂದು ಅದರ ತಾತ್ಪರ್ಯವಾದರೆ, ಹುಡುಗ ಹೇಳಿದ್ದೇ ಮೇಲು. ಹುಲಿಯ ಮನಸ್ಸು ಕರಗುತ್ತದೆಂದು ಹಸುವಿಗೆ ಗೊತ್ತಿರಲಿಲ್ಲ. ಗೊತ್ತಿದ್ದು ಹೋಗಿದ್ದರೆ ಅದು ಪುಣ್ಯಕೋಟಿಯೇ ಅಲ್ಲ, ಜಾಣ ವ್ಯಾಪಾರಿ.

ಮರುವಾರ ಹುಡುಗ ತಾನೇ ಮನೆಗೆ ಬಂದ. ಅವನು ಓದುತ್ತಿರುವ ವಿಷಯಗಳಲ್ಲಿ ನಿರ್ಣಯಶಾಸ್ತ್ರ ಎಂಬುದೂ ಒಂದಂತೆ: ಒಬ್ಬನ ಮುಂದೆ ಎರಡು ದಾರಿಗಳಿದ್ದು, ಒಂದೊಂದರ ಲಾಭನಷ್ಟಗಳೂ ತಿಳಿದಿದ್ದರೆ ವಿವೇಕಿಯಾದವನು ಯಾವುದನ್ನು ಹಿಡಿಯಬೇಕು ಎಂಬ ವಿಚಾರ. ಈ ಶಾಸ್ತ್ರಕಾರರು ನಮ್ಮ ಬೇತಾಳನ ಹಾಗೆ ಕಥೆ ಕಟ್ಟುತ್ತಾರೆ. ಎಲ್ಲೂ ನಡೆಯದ, ನಡೆಯುವುದೂ ಕಷ್ಟವಾದ ಪ್ರಸಂಗವೊಂದನ್ನು ಕಲ್ಪಿಸಿ, ಈಗ ಹೇಳು, ಏನು ಮಾಡುವೆ ಎನ್ನುತ್ತಾರೆ. ಅವುಗಳಲ್ಲಿ ಒಂದು ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಇಂಗ್ಲೆಂಡಿನ ಡೆರೆಕ್ ಪಾರ್ಫಿಟ್ ಎಂಬ ತತ್ತ್ವಜ್ಞ 1984ರಲ್ಲಿ ಪ್ರಕಟಿಸಿದ 'ರೀಸನ್ಸ್ ಅಂಡ್ ಪರ್ಸನ್ಸ್' ಗ್ರಂಥದಲ್ಲಿ ಬರುವ ಕಥೆ ಅದು. ನಡುರಾತ್ರಿ, ಮರುಭೂಮಿ, ಒಬ್ಬನ ಕಾರು ಕೆಟ್ಟು ನಿಂತಿದೆ. ಅಪರಿಚಿತನೊಬ್ಬ ತನ್ನ ಕಾರಿನಲ್ಲಿ ಅಲ್ಲಿಗೆ ಬರುತ್ತಾನೆ. ಕೆಟ್ಟುನಿಂತವನು, "ನನ್ನನ್ನು ಊರಿಗೆ ಮುಟ್ಟಿಸು, ಕೈತುಂಬ ಹಣ ಕೊಡುತ್ತೇನೆ; ಈಗ ನನ್ನ ಬಳಿ ಇಲ್ಲ, ಮನೆ ಸೇರಿದೊಡನೆ ಕೊಡುತ್ತೇನೆ" ಎನ್ನುತ್ತಾನೆ. ಆದರೆ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ; ಹೇಳಿದರೆ ಮುಖ ಕೆಂಪಾಗುತ್ತದೆ, ಇಲ್ಲವೇ ಧ್ವನಿ ಕೈಕೊಡುತ್ತದೆ. ಅಲ್ಲದೆ ತನಗೆ ನಷ್ಟವಾಗುವ ಕೆಲಸವನ್ನು ಎಂದೂ ಮಾಡದ ಲೆಕ್ಕಾಚಾರದ ಮನುಷ್ಯ. ಮನೆ ಸೇರಿದ ಮೇಲೆ ಹಣ ಕೊಡುವುದು ಬರಿಯ ನಷ್ಟ, ಆದ್ದರಿಂದ ತಾನು ಕೊಡುವುದಿಲ್ಲ ಎಂಬುದು ಅವನಿಗೇ ಗೊತ್ತು. ಮುಖ ನೋಡಿದ ಅಪರಿಚಿತನಿಗೂ ಗೊತ್ತಾಗುತ್ತದೆ. ಅವನು ಕಾರು ಬಿಟ್ಟುಕೊಂಡು ಹೊರಟುಹೋಗುತ್ತಾನೆ. ಲೆಕ್ಕ ತಪ್ಪದವನು ಮರುಭೂಮಿಯಲ್ಲೇ ಉಳಿಯುತ್ತಾನೆ.

ಓದುಗರಿಗೆ ಈಗಾಗಲೇ ಹೊಳೆದಿರಬೇಕು. ಮರುಭೂಮಿಯನ್ನು ಕಾಡು ಮಾಡಿ, ಕಾರಿನವನನ್ನು ಹುಲಿ ಮಾಡಿದರೆ ಇದು ನಮ್ಮ ಅಜ್ಜಿಯರು ಹಾಡುತ್ತಿದ್ದ ಹಾಡೇ. ಹುಡುಗನ ಆಕ್ಷೇಪಕ್ಕೆ ಅವನ ಶಾಸ್ತ್ರದಲ್ಲೇ ಉತ್ತರವಿದೆ. ಮನೆ ಸೇರಿದ ಮೇಲೆ ಮರಳಲು ಕಾರಣವಿಲ್ಲ ಎಂದು ಎಣಿಸುವ ಹಸುವನ್ನು, ಆ ಎಣಿಕೆಯನ್ನು ಕಾಣಬಲ್ಲ ಯಾವ ಹುಲಿಯೂ ಬಿಡುವುದಿಲ್ಲ. ಜಾಣ ಹಸು ಕರುವಿನ ಮುಖ ಕಾಣದೆ ಕಾಡಿನಲ್ಲೇ ಸಾಯುತ್ತದೆ. 'ದಡ್ಡ' ಹಸುವಿಗಾದರೋ ಮನೆಗೆ ಹೋಗಿ ಒಂದು ಬಾರಿ ಮೊಲೆಯೂಡುವ ಅವಕಾಶ ದೊರೆಯಿತು. ಆದರೆ ಇಲ್ಲಿಗೇ ನಿಲ್ಲಿಸಿದರೆ ಪುಣ್ಯಕೋಟಿಯನ್ನು ಮತ್ತೆ ವ್ಯಾಪಾರಿ ಮಾಡಿದಂತಾಗುತ್ತದೆ. ಮರುಭೂಮಿಯವನು ಹಣ ತೆತ್ತು ಜೀವ ಪಡೆಯುವವನು. ಪುಣ್ಯಕೋಟಿ ತೆರಬೇಕಾದುದು ಜೀವವನ್ನೇ. ಪಡೆಯುವುದು ಒಂದು ಗಳಿಗೆ.

ಇನ್ನು ಹಾಡಿಗೇ ಬರೋಣ. ಹುಲಿ ಏಕೆ ನಂಬಿತು ಎಂಬುದು ಮೊದಲ ಪ್ರಶ್ನೆ. ಅರ್ಬುತನೆಂಬ ಆ ಹುಲಿ (ಅದ್ಭುತ ಎಂದು ಹಾಡುವವರೂ ಉಂಟು) ಏಳು ದಿನ ಹಸಿದಿದೆ. ಕೈಗೆ ಸಿಕ್ಕ ಆಹಾರ ಬಿಟ್ಟರೆ ಮರಳಿ ಬರುತ್ತದೆಯೇ ಎಂದು ಅದು ಅನುಮಾನಿಸಿಯೂ ಅನುಮಾನಿಸುತ್ತದೆ. ಒಪ್ಪಂದಗಳ ವಿಷಯದಲ್ಲಿ ಇಂಥ ಅನುಮಾನ ಬಂದಾಗ ಲೋಕ ಏನು ಮಾಡುತ್ತದೆಂಬುದನ್ನು ಅಮೆರಿಕದ ಥಾಮಸ್ ಶೆಲ್ಲಿಂಗ್ 1960ರ 'ದಿ ಸ್ಟ್ರಾಟೆಜಿ ಆಫ್ ಕಾನ್‌ಫ್ಲಿಕ್ಟ್' ಪುಸ್ತಕದಲ್ಲಿ ವಿವರಿಸುತ್ತಾನೆ. 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವನು. ಅಪಹರಣಕಾರನೊಬ್ಬನಿಗೆ ತಾನು ಹಿಡಿದವನನ್ನು ಬಿಟ್ಟುಬಿಡುವ ಮನಸ್ಸಾಗಿದೆ, ಆದರೆ ಅವನು ಹೊರಗೆ ಹೋಗಿ ಪೋಲೀಸರಿಗೆ ಹೇಳಿದರೆ? ಹೇಳುವುದಿಲ್ಲವೆಂದು ಸೆರೆಯಾಳು ಆಣೆಯಿಟ್ಟರೂ ನಂಬುವ ಬಗೆಯಿಲ್ಲ. ಶೆಲ್ಲಿಂಗನ ಪರಿಹಾರ ವಿಚಿತ್ರವಾಗಿದೆ: ಸೆರೆಯಾಳು ತಾನು ಹಿಂದೆ ಮಾಡಿದ ಯಾವುದಾದರೂ ನಾಚಿಕೆಗೇಡಿನ ಕೃತ್ಯವನ್ನು ಹೇಳಿಕೊಳ್ಳಲಿ, ಅಂಥದು ಇಲ್ಲವಾದರೆ ಅಪಹರಣಕಾರನ ಎದುರಿಗೇ ಒಂದನ್ನು ಮಾಡಲಿ. ತನ್ನ ಮಾನವನ್ನು ಅವನ ಕೈಯಲ್ಲಿ ಒತ್ತೆಯಿಟ್ಟರೆ ಬಾಯಿ ತಾನಾಗಿ ಮುಚ್ಚಿರುತ್ತದೆ.

ಹುಲಿಯ ಮುಂದೆ ಒತ್ತೆಯ ದಾರಿ ಇತ್ತು. ಕರುವನ್ನು ಕರೆತಂದು ಇಲ್ಲಿ ಬಿಟ್ಟು ಹೋಗೆಂದೋ, ಬಾರದಿದ್ದರೆ ಕೊಟ್ಟಿಗೆಗೇ ಬಂದು ಕರುವನ್ನು ತಿನ್ನುವೆನೆಂದೋ ಹೇಳಬಹುದಾಗಿತ್ತು. ಹೇಳುವುದಿಲ್ಲ. ಹಸುವೂ ಒತ್ತೆ ಕೊಡುವುದಿಲ್ಲ; ಸತ್ಯವನ್ನೇ ತನ್ನ ಹೆತ್ತವರೆಂದೂ ಬಂಧುಬಳಗವೆಂದೂ ಹೇಳಿ ಅದರ ಮೇಲೆ ಭಾಷೆ ಕೊಡುತ್ತದೆ. ಬಂಧುಗಳಿಲ್ಲದವನನ್ನು ಯಾರೂ ಜಾಮೀನಿನ ಮೇಲೆ ಬಿಡುವುದಿಲ್ಲವೆಂಬ ಲೋಕರೂಢಿಯನ್ನು ನೆನೆದರೆ ಇದರ ಸ್ವಾರಸ್ಯ ತಿಳಿಯುತ್ತದೆ. ತಪ್ಪಿದರೆ ನರಕವಾಗಲಿ, ಕರು ಸಾಯಲಿ ಎಂಬ ಆಣೆಯಲ್ಲ ಅದು. ಇಂಥ ಕುಲದಲ್ಲಿ ಹುಟ್ಟಿದವಳು ನಾನು ಎಂದು ತನ್ನ ಗುರುತು ಹೇಳಿಕೊಂಡಂತಿದೆ.

ಈ ಗುರುತನ್ನು ಹಾಡು ನಮಗೆ ಬಹಳ ಮೊದಲೇ ತೋರಿಸಿಕೊಟ್ಟಿದೆ ಎಂಬುದನ್ನು ನಾನು ಇಷ್ಟು ವರ್ಷ ಗಮನಿಸಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಕಾಳಿಂಗನೆಂಬ ಗೊಲ್ಲ ಕೊಳಲು ಹಿಡಿದು ತನ್ನ ಹಸುಗಳನ್ನು ಕರೆಯುವುದರಿಂದ ಹಾಡು ತೊಡಗುತ್ತದೆ. ಗಂಗೆ, ಗೌರಿ, ತುಂಗಭದ್ರೆ ಎಂದು ಒಂದೊಂದನ್ನೂ ಹೆಸರು ಹಿಡಿದು ಕೂಗುತ್ತಾನೆ. ಕೂಗು ಕೇಳಿದೊಡನೆ ಅವು ಬರುತ್ತವೆ, ಬಿಂದಿಗೆ ತುಂಬುವಂತೆ ಹಾಲು ಸುರಿಸುತ್ತವೆ. ರಂಗಪ್ರಯೋಗಗಳಲ್ಲಿ ಈ ಭಾಗವನ್ನು ಮೊಟಕು ಮಾಡುವುದೇ ವಾಡಿಕೆ. ನಮ್ಮ ಬೀದಿಯಲ್ಲಿಯೂ ಹಾಗೇ ಆಯಿತು, ಕಥೆಗೆ ಇದರಿಂದ ಪ್ರಯೋಜನವಿಲ್ಲವೆಂಬ ಎಣಿಕೆ ಇರಬೇಕು. ಆದರೆ ಕರೆದರೆ ಬರುವುದು ಎಂಬ ಒಂದೇ ಸಂಗತಿಯನ್ನು, ಮೂರು ನಾಲ್ಕು ಮಾತ್ರೆಗಳ ಆ ತೂಗುವ ನಡೆಯಲ್ಲಿ, ಹಾಡು ಅಷ್ಟು ಹೊತ್ತು ಏಕೆ ಹೇಳುತ್ತದೆ? ಹುಲಿಯ ಗವಿಗೆ ಪುಣ್ಯಕೋಟಿ ಮರಳುವಾಗ ಅದು ಹೊಸದೇನನ್ನೂ ಮಾಡುತ್ತಿಲ್ಲ. ದಿನವೂ ಮಾಡಿದ್ದನ್ನೇ ಮಾಡುತ್ತಿದೆ, ಈ ಬಾರಿ ಕರೆದದ್ದು ಕೊಳಲಲ್ಲ, ತಾನೇ ಕೊಟ್ಟ ಮಾತು. ಶಾಸ್ತ್ರಕಾರರ ಕಥೆಗಳಲ್ಲಿ ಇಂಥ ಹಿನ್ನೆಲೆ ಇರುವುದಿಲ್ಲ. ಅಲ್ಲಿನ ಮನುಷ್ಯ ಮರುಭೂಮಿಯಲ್ಲಿ ಅಂದೇ ಹುಟ್ಟಿದವನಂತೆ ನಿಂತಿರುತ್ತಾನೆ.

ಕೊಟ್ಟಿಗೆಯ ಪ್ರಸಂಗ ಎಲ್ಲರಿಗೂ ಗೊತ್ತು. ಯಾರ ಮೊಲೆ ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುತ್ತದೆ. ತಾಯಿ ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ಈ ಪರದೇಶಿಯ ಮೇಲೆ ಕೊಂಬನ್ನಾಗಲಿ ಕಾಲನ್ನಾಗಲಿ ಎತ್ತದಿರಿ, ನಿಮ್ಮ ಕರುವೆಂದೇ ತಿಳಿಯಿರಿ ಎಂಬ ಅರ್ಥದ ಮಾತು ಹೇಳಿ ಒಪ್ಪಿಸುತ್ತದೆ. (ಎಸ್.ಎಲ್. ಭೈರಪ್ಪನವರು 1968ರ ತಮ್ಮ 'ತಬ್ಬಲಿಯು ನೀನಾದೆ ಮಗನೆ' ಕಾದಂಬರಿಯ ಹೆಸರನ್ನು ಆರಿಸಿಕೊಂಡದ್ದು ಇಲ್ಲಿಂದಲೇ. ಅವರ ಮನಸ್ಸು ನಿಂತದ್ದು ಉಳಿದುಹೋಗುವ ಕರುವಿನ ಕಡೆ.) ಆದರೆ ನಮ್ಮ ವಿಚಾರಕ್ಕೆ ಮುಖ್ಯವಾದುದು ಇನ್ನೊಂದು. ಇಲ್ಲೇ ನಿಲ್ಲಬಾರದೇಕೆ ಎಂದು ಕರು ಕೇಳುತ್ತದೆ, ಅಂದರೆ ನೆರೆಮನೆಯ ಹುಡುಗನ ಪ್ರಶ್ನೆಯನ್ನು ಅವನಿಗಿಂತ ಮೊದಲು ಕರುವೇ ಕೇಳಿದೆ. ಉತ್ತರವಾಗಿ ತಾಯಿ ಯಾವ ವಾದವನ್ನೂ ಹೂಡುವುದಿಲ್ಲ. ಮಾತು ತಪ್ಪಲಾರೆ ಎಂದಷ್ಟೇ ಹೇಳದೆ, ತಪ್ಪುವ ಆಲೋಚನೆಗೇ ತನ್ನೊಳಗೆ ಎಡೆಯಿಲ್ಲವೆಂದು ಹೇಳುತ್ತದೆ. ತೂಗಿ ನೋಡಿ ಸತ್ಯದ ಕಡೆ ತಕ್ಕಡಿ ಬಾಗಿತೆಂದಲ್ಲ, ತಕ್ಕಡಿಯನ್ನೇ ಕೈಗೆತ್ತಿಕೊಳ್ಳುವುದಿಲ್ಲ.

ತಕ್ಕಡಿಯನ್ನು ಎತ್ತಿಕೊಂಡವನ ಪಾಡು ಏನೆಂಬುದಕ್ಕೂ ಅವರಲ್ಲೊಂದು ಕಥೆಯಿದೆ. ಗ್ರೆಗರಿ ಕಾವ್ಕಾ ಎಂಬವನು 1983ರಲ್ಲಿ ಬರೆದದ್ದು. ಒಬ್ಬ ಸಿರಿವಂತ ಒಂದು ವಿಷವನ್ನು ಮುಂದಿಟ್ಟು, "ನಾಳೆ ಮಧ್ಯಾಹ್ನ ಇದನ್ನು ಕುಡಿಯುವೆನೆಂದು ಇಂದು ನಡುರಾತ್ರಿ ನೀನು ನಿಜವಾಗಿ ಸಂಕಲ್ಪಿಸಿದ್ದರೆ ಹತ್ತು ಲಕ್ಷ ಡಾಲರು ನಿನ್ನದು; ಕುಡಿಯಲೇಬೇಕೆಂದಿಲ್ಲ" ಎನ್ನುತ್ತಾನೆ. ಕುಡಿದರೆ ಒಂದು ದಿನ ಹೊಟ್ಟೆ ಕೆಡುತ್ತದೆ, ಅಷ್ಟೇ. ಹಣ ಬೆಳಗ್ಗೆಯೇ ಸೇರುತ್ತದೆ. ಆದ್ದರಿಂದ ಮಧ್ಯಾಹ್ನ ಕುಡಿಯಲು ಕಾರಣವಿರುವುದಿಲ್ಲ. ಹಾಗೆಂದು ರಾತ್ರಿಯೇ ಬಲ್ಲವನು ಎಷ್ಟು ತಿಣುಕಿದರೂ ಸಂಕಲ್ಪ ಹುಟ್ಟುವುದಿಲ್ಲ. ನಮ್ಮ ಜನ್ನನಿಗೆ ಈ ಕಥೆ ಹೇಳಿದ್ದರೆ ನಗುತ್ತಿದ್ದನೋ ಏನೋ. 1209ರ ಅವನ 'ಯಶೋಧರ ಚರಿತೆ'ಯಲ್ಲಿ ತಾಯಿಯ ಮಾತಿಗೆ ಕಟ್ಟುಬಿದ್ದ ದೊರೆ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಕೊಲ್ಲುವ ಸಂಕಲ್ಪವೊಂದೇ ನಿಜವಾದದ್ದು. ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುವುದಕ್ಕೆ ಅಷ್ಟೇ ಸಾಕಾಯಿತು. ಸಂಕಲ್ಪವೆಂಬುದು ಅಗ್ಗವಾಗಿ ಹುಟ್ಟಿಸಿ ಅಗ್ಗವಾಗಿ ಅಳಿಸುವ ಪದಾರ್ಥವೆಂದು ನಮ್ಮ ಕವಿಗಳು ಎಂದೂ ತಿಳಿದಿರಲಿಲ್ಲ.

ರಾಘವಾಂಕನ ಹರಿಶ್ಚಂದ್ರ ನೆನಪಿಗೆ ಬಾರದೆ ಇರುವುದಿಲ್ಲ. ಅಲ್ಲಿ ಇಂದ್ರನ ಸಭೆಯಲ್ಲಿ, ಇವನು ಎಂದೂ ಸುಳ್ಳಾಡನೆಂದು ವಸಿಷ್ಠ ಪಣ ತೊಡುತ್ತಾನೆ, ಆಡಿಸುವೆನೆಂದು ವಿಶ್ವಾಮಿತ್ರ. ಒಬ್ಬನು ಮುಂದೆ ಮಾಡುವುದನ್ನು ಇನ್ನೊಬ್ಬನು ಮೊದಲೇ ತಿಳಿದು ಹೇಳಬಲ್ಲನೇ, ಹಾಗಾದರೆ ಆಯ್ಕೆ ಎಂಬುದಕ್ಕೆ ಅರ್ಥವೇನು ಎಂಬುದು ಈ ಶಾಸ್ತ್ರಕಾರರಿಗೂ ಬಿಡಿಸಲಾಗದ ಕಗ್ಗಂಟೇ. ನ್ಯೂಕಮ್ ಎಂಬ ಭೌತವಿಜ್ಞಾನಿ ಕಲ್ಪಿಸಿದ ಎರಡು ಪೆಟ್ಟಿಗೆಗಳ ಒಗಟನ್ನು ರಾಬರ್ಟ್ ನೋಝಿಕ್ 1969ರಲ್ಲಿ ಪ್ರಕಟಿಸಿದಾಗಿನಿಂದ ಅದರ ಚರ್ಚೆ ಮುಗಿದಿಲ್ಲವಂತೆ. ಆದರೆ ಹರಿಶ್ಚಂದ್ರನ ಪರೀಕ್ಷೆಯನ್ನು ನೋಡುವವರು ಮೇಲೆ ಕುಳಿತಿದ್ದಾರೆ, ಕೊನೆಗೆ ಕಳೆದುಹೋದದ್ದೆಲ್ಲ ಮರಳುತ್ತದೆ. ಗೋವಿನ ಹಾಡಿನಲ್ಲಿ ನೋಡುವವರು ಯಾರೂ ಇಲ್ಲ. ಹಸು ಬಾರದಿದ್ದರೆ ಹುಲಿ ಒಂದರ ಹೊರತು ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ಹುಲಿಯ ಮಾತು. ಇಲ್ಲಿಯೇ ನಮ್ಮ ಬೀದಿಯ ಪ್ರಯೋಗ ಎಡವಿತೆಂದು ನನ್ನ ಅಭಿಪ್ರಾಯ.

ಇದೇ ಬಗೆಯ ಕಥೆ ಪದ್ಮಪುರಾಣದ ಸೃಷ್ಟಿಖಂಡದಲ್ಲಿದೆ. ಅಲ್ಲಿ ಹಸುವಿನ ಹೆಸರು ನಂದಾ. ಹುಲಿಯಾದರೋ ನಿಜವಾಗಿ ಪ್ರಭಂಜನನೆಂಬ ಅರಸು. ಮರಿಗೆ ಮೊಲೆಯೂಡುತ್ತಿದ್ದ ಜಿಂಕೆಯನ್ನು ಕೊಂದು ಶಾಪಕ್ಕೆ ಗುರಿಯಾದವನು. ಮಾತಿಗೆ ತಪ್ಪದೆ ಬಂದ ಹಸುವಿನ ಹೆಸರು ಕೇಳಿದೊಡನೆ ಅವನಿಗೆ ಶಾಪವಿಮೋಚನೆ. ಯಾರಿಗೂ ನಷ್ಟವಿಲ್ಲ. ಕನ್ನಡದ ಹಾಡನ್ನು ಕಟ್ಟಿದ ಹೆಸರಿಲ್ಲದ ಕವಿಗೆ ಪುರಾಣದ ಈ ದಾರಿ ತಿಳಿದಿತ್ತೋ ಇಲ್ಲವೋ, ಅಂತೂ ಅದನ್ನು ಹಿಡಿಯಲಿಲ್ಲ. ನಾವೆಲ್ಲ ಕಲಿತ ಪಾಠದಲ್ಲಿ ಅರ್ಬುತನಿಗೆ ಶಾಪವಿಲ್ಲ, ಪೂರ್ವಜನ್ಮವಿಲ್ಲ, ಅರಸುತನವಿಲ್ಲ. ಅದು ಬರಿಯ ಹುಲಿ, ಏಳು ದಿನ ಹಸಿದ ಹುಲಿ. ಇದು ಕವಿಯ ದೊಡ್ಡ ಧೈರ್ಯ.

ಹುಲಿಯನ್ನು ದುಷ್ಟನೆಂದು ಪಾಠ ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಹಸಿದವನನ್ನು ನಾಚಿಸಿ ಕೊಲ್ಲುವ ಹಾಡು ಇದು ಎಂದು ಇತ್ತೀಚೆಗೆ ಹಾಡನ್ನೇ ಆಕ್ಷೇಪಿಸುವವರೂ ಇದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಎರಡು ಪಕ್ಷದವರೂ ಮರೆಯುವ ಸಂಗತಿಯೊಂದಿದೆ. ಹಸು ಮರಳುವುದಕ್ಕೆ ಮೊದಲು ಹುಲಿ ಬಿಟ್ಟಿದೆ. ಮರುಭೂಮಿಯ ಕಾರಿನವನು ಮಾಡದ ಕೆಲಸವನ್ನು ಅದು ಮಾಡಿತು: ಏಳು ದಿನದ ಹಸಿವನ್ನು ಒಂದು ಬಾಯಿಮಾತಿನ ಮೇಲೆ ಪಣವಿಟ್ಟಿತು. ಪುಣ್ಯಕೋಟಿ ಬಾರದಿದ್ದರೆ ಅರ್ಬುತ ಹಸಿದೇ ಸಾಯಬಹುದಿತ್ತು. ಮೊದಲ ಸಾಹಸ ಹುಲಿಯದು. ಇದನ್ನು ನಾನು ಪಾಠದಲ್ಲಿ ಎಂದೂ ಹೇಳಿರಲಿಲ್ಲ.

ಹಸು ಬಂದು ನಿಂತ ಮೇಲೆ ಹುಲಿಯ ಮುಂದಿರುವ ದಾರಿಗಳು ಯಾವುವು? ತಿನ್ನಬಹುದು. ಬಿಟ್ಟು ಕಳುಹಿಸಿ ಬೇರೆ ಬೇಟೆ ಹುಡುಕಬಹುದು. ನೆರೆಮನೆಯ ಹುಡುಗ ಕಾಗದದ ಮೇಲೆ ನಾಲ್ಕು ಮನೆಗಳ ಚೌಕ ಬರೆದು, ಒಂದು ಮನೆಗೆ ಬೆರಳಿಟ್ಟು, "ಎಲ್ಲಕ್ಕಿಂತ ಒಳ್ಳೆಯದು ಇದು ಸಾರ್, ಇಬ್ಬರೂ ಬದುಕೋದು" ಎಂದ. ನಮ್ಮ ಬೀದಿಯ ಪ್ರಯೋಗದವರೂ ಆರಿಸಿಕೊಂಡದ್ದು ಅದೇ ಮನೆಯನ್ನು. ಲೆಕ್ಕಕ್ಕೆ ಅದು ಸರಿ. ಆದರೆ ಶಾಮಿಯಾನದ ಕೆಳಗೆ ಕೈ ಹಿಡಿದು ನಿಂತ ಆ ಹುಲಿ ನಾಳೆ ಬೆಳಗ್ಗೆ ಏನು ತಿನ್ನುತ್ತದೆ? ಕಾಳಿಂಗನ ಮಂದೆಯ ಗಂಗೆಯನ್ನೋ ಗೌರಿಯನ್ನೋ ತಿನ್ನಬೇಕು. ಹಾಗಾದರೆ ಈ ದಯೆ ಚೆನ್ನಾಗಿ ಮಾತನಾಡಬಲ್ಲ ಒಂದು ಹಸುವಿಗೆ ಮಾತ್ರ ತೋರಿಸಿದ ದಾಕ್ಷಿಣ್ಯವಾಗುತ್ತದೆ. ಹುಲಿ ಹಸುವನ್ನು ಒಡಹುಟ್ಟಿದವಳೆಂದು ಕರೆದಾಗಿದೆ. ಪುಣ್ಯಕೋಟಿ ಸತ್ಯವನ್ನು ಬಂಧುವೆಂದಿತ್ತು. ಆ ನಂಟಸ್ತಿಕೆಯೊಳಗೆ ಈಗ ಹುಲಿಯೂ ಬಂದು ಸೇರಿದೆ. ಸೇರಿದ ಮೇಲೆ ಹುಲಿಯಾಗಿ ಉಳಿಯುವಂತಿಲ್ಲ, ಹುಲ್ಲು ತಿನ್ನುವಂತೆಯೂ ಇಲ್ಲ. ಹಾರಿ ಪ್ರಾಣ ಬಿಡುತ್ತದೆ. ಅದನ್ನು ಪ್ರಾಯಶ್ಚಿತ್ತವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅದು ಯಾವ ತಪ್ಪನ್ನೂ ಮಾಡಿಲ್ಲ. ಚೌಕದ ಮನೆಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಆರಿಸಿದ ಹುಲಿ ಆಮೇಲೂ ಅದೇ ಹುಲಿ ಎಂದು ಲೆಕ್ಕ ಹಾಕುವವನು ಹಿಡಿದಿರುತ್ತಾನೆ. ಹಾಡಿನಲ್ಲಿ ಹಾಗಾಗುವುದಿಲ್ಲ. ಮಾತಿನಂತೆ ಮರಳಿದ್ದನ್ನು ಕಣ್ಣಾರೆ ಕಂಡ ಹುಲಿ, ಬೆಳಗ್ಗೆ ಹಸುವನ್ನು ಅಡ್ಡಗಟ್ಟಿದ ಹುಲಿಯಲ್ಲ.

ಹುಡುಗ ಇದನ್ನು ಒಪ್ಪಲಿಲ್ಲ. "ಹುಲಿಗೆ ಈಗ ಹಸು ತಿನ್ನೋದರಿಂದ ಸುಖ ಇಲ್ಲ ಅಂದರೆ, ಚೌಕದಲ್ಲಿ ಆ ಅಂಕಿ ಬದಲಾಯಿಸಿದರೆ ಆಯಿತಲ್ಲ ಸಾರ್" ಎಂದ. ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಸು ಬಂದ ಆ ಗಳಿಗೆಗೆ ಮೊದಲು ಆ ಅಂಕಿಯನ್ನು ಯಾರು ಬರೆಯಬಲ್ಲವರಾಗಿದ್ದರು ಎಂದು ಕೇಳಿದೆ. ನೋಡಿ ಹೇಳುತ್ತೇನೆಂದು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಇನ್ನೂ ಹೇಳಿಲ್ಲ, ಪರೀಕ್ಷೆಗಳು ನಡೆಯುತ್ತಿವೆ.

ಹಾಡಿನ ದೊಡ್ಡ ಪಾಠದಲ್ಲಿ ಕೊನೆಗೆ ಪುಣ್ಯಕೋಟಿ ಮನೆಗೆ ಬಂದು ಕರುವಿಗೆ ಮೊಲೆಯುಣಿಸಿ, ಪ್ರತಿ ಸಂಕ್ರಾಂತಿಯಲ್ಲಿ ಕೃಷ್ಣನನ್ನು ಭಜಿಸಬೇಕೆಂದು ಗೊಲ್ಲನಿಗೆ ಹೇಳುತ್ತದೆ. ಹುಲಿಯ ಹೆಸರನ್ನು ಎತ್ತುವುದಿಲ್ಲ. ಇದು ಹಾಡಿನ ಕೊರತೆಯೆಂದು ನನಗೆ ತೋರುತ್ತದೆ. ಒಂದು ಮಾತು ಇರಬೇಕಾಗಿತ್ತು.

ಆ ಸಂಜೆ ಹುಲಿಯ ವೇಷ ಹಾಕಿದ್ದ ಮಗು ನಮ್ಮ ಬೀದಿಯದೇ, ಮೂರನೆಯ ತರಗತಿ. ಮೊನ್ನೆ ಅಂಗಡಿಯ ಹತ್ತಿರ ಸಿಕ್ಕಿದಾಗ, ಹಾಡಿನಲ್ಲಿ ಹುಲಿ ಸಾಯುತ್ತದಲ್ಲ, ನೀನೇಕೆ ಸಾಯಲಿಲ್ಲ ಎಂದು ಕೇಳಿದೆ. "ನಾನು ಸಾಯೋದು ಚೆನ್ನಾಗಿ ಕಲಿತಿದ್ದೆ ಅಂಕಲ್, ಮಂಚದ ಮೇಲಿಂದ ಹಾರಿ ಹಾರಿ ಕಲಿತಿದ್ದೆ. ಮಿಸ್ಸು ಬೇಡ ಅಂದ್ರು" ಎಂದು ಮುಖ ಸಪ್ಪೆ ಮಾಡಿಕೊಂಡಿತು.